ಮೂರು ಕೋಣೆಗಳಲ್ಲಿ ಒಂದು ಕುಟುಂಬ

ಮಾನ್ಯ ಅಧ್ಯಕ್ಷರೇ, ನನ್ನ ಬಗ್ಗೆ ನನಗೇ ತಿಳಿಯದ ಒಳ್ಳೆಯ ಮಾತುಗಳನ್ನಾಡಿದ ಅತಿಥಿಗಳೇ, ರಜೆಯ ದಿನದ ನಿದ್ದೆ ಬಿಟ್ಟು ಬಂದಿರುವ ಸಭಿಕರೇ, ಹಾಗೂ ಎರಡನೆಯ ಸಾಲಿನಲ್ಲಿ ಕುಳಿತು ‘ಬೇಗ ಮುಗಿಸಿ’ ಎಂದು ಈಗಲೇ ಕೈಸನ್ನೆ ಮಾಡುತ್ತಿರುವ ನನ್ನ ಅತ್ತೆಯವರೇ,

ನಾನು ಲಿಫ್ಟ್ ರಿಪೇರಿ ಮಾಡುವವನು. ನಮ್ಮ ಕೆಲಸದಲ್ಲಿ ಮಾತು ಕಡಿಮೆ. ಲಿಫ್ಟು ಓಡುತ್ತಿದ್ದರೆ ನಮ್ಮನ್ನು ಯಾರೂ ನೆನೆಯುವುದಿಲ್ಲ, ನಿಂತರೆ ಎಲ್ಲರೂ ಬೈಯುತ್ತಾರೆ. ಹೀಗಿರುವಾಗ ನಮ್ಮ ಸಂಘದವರು ಈಗಷ್ಟೇ ಓದಿದರು: ‘ಹೆಂಡತಿಯ ಕುಟುಂಬವನ್ನು ಈ ದೇಶಕ್ಕೆ ಕರೆತಂದು ನೆಲೆಗೊಳಿಸಿದ ಮಹನೀಯರು.’ ಮಹನೀಯರು ಎಂದಾಗ ನಿಮ್ಮ ಹಾಗೆ ನಾನೂ ಹಿಂದೆ ತಿರುಗಿ ನೋಡಿದೆ.

ಕರೆತಂದದ್ದು ನಿಜ. ನೆಲೆಗೊಂಡವರು ಯಾರು ಎಂಬುದರಲ್ಲಿ ನನಗೆ ಸ್ವಲ್ಪ ತಕರಾರಿದೆ.

ನಾನು ಬೆಳೆದದ್ದು ಹಾಸ್ಟೆಲುಗಳಲ್ಲಿ. ಹಸಿವಾಯಿತೇ ಎಂದು ಕೇಳುವವರಿಲ್ಲದ ಕಡೆ ಮನುಷ್ಯ ಗಂಟೆ ಹೊಡೆದಾಗ ಉಣ್ಣುವುದನ್ನು ಕಲಿಯುತ್ತಾನೆ. ದುಃಖದ ಮಾತಲ್ಲ ಇದು, ಅಭ್ಯಾಸದ ಮಾತು. ಮದುವೆಯಾದ ಮೇಲೂ ಅಭ್ಯಾಸ ಹೋಗಲಿಲ್ಲ. ನನ್ನ ಹೆಂಡತಿ ಒಂದು ದಿನ ಕೇಳಿದಳು, “ರೀ, ನಿಮಗೆ ಏನಾದ್ರೂ ಬೇಕು ಅನ್ಸೋದೇ ಇಲ್ವಾ?” ನಾನು ಬಹಳ ಹೊತ್ತು ಯೋಚಿಸಿ, “ಒಂದು ಒಳ್ಳೆ ಟಾರ್ಚು” ಎಂದೆ. ಅವಳು ಎದ್ದು ಹೋಗಿ ತವರಿಗೆ ಫೋನ್ ಮಾಡಿದಳು.

ಆ ತವರಿನ ಬಗ್ಗೆ ಹೇಳಬೇಕು. ಮಾವನವರು ದರ್ಜಿ. ಅಂಗಡಿಯಲ್ಲಿ ಮಾವ ಅಳತೆ ಹಿಡಿದು ಕೂಗುವರು, ಅತ್ತೆ ನೆನಪಿಟ್ಟುಕೊಳ್ಳುವರು, ನನ್ನ ಭಾವಮೈದುನ ಕತ್ತರಿಸುವನು. ಬರೆದಿಡುವ ಪದ್ಧತಿಯೇ ಇಲ್ಲ. ಬದುಕೂ ಹಾಗೆಯೇ ನಡೆದಿತ್ತು. ಅಲ್ಲಿ ಯಾರೂ ತಮ್ಮ ಬಗ್ಗೆ ತಾವು ಉತ್ತರ ಹೇಳುವುದಿಲ್ಲ. ಮಾವನಿಗೆ ತಲೆನೋವೇ ಎಂದರೆ ಅತ್ತೆಯನ್ನು ಕೇಳಬೇಕು. ಅತ್ತೆಗೆ ಸಿಟ್ಟು ಬಂದಿದೆಯೇ ಎಂದರೆ ಮಗನನ್ನು ಕೇಳಬೇಕು. ಮಗನಿಗೆ ಏನು ಬೇಕೆಂಬುದು ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತು.

ಇಂಥ ಮೂವರು ಹೊಲಿಗೆ ಯಂತ್ರಗಳನ್ನು ಮಾರಿ, ತಾತ್ಕಾಲಿಕ ಪರವಾನಗಿಯ ಮೇಲೆ ನಮ್ಮ ಮನೆಗೆ ಬಂದಿಳಿದರು. ಕಾಯಂ ಆಗಿ ಉಳಿಯಬೇಕಾದರೆ ವಲಸೆ ಕಚೇರಿಯಲ್ಲಿ ಸಂದರ್ಶನ. ಹಿಂದಿನ ದಿನ ನನ್ನ ಹೆಂಡತಿ ಬಟ್ಟೆ ಇಸ್ತ್ರಿ ಮಾಡುತ್ತಾ, “ಅವ್ರನ್ನ ವಾಪಸ್ ಕಳ್ಸಿದ್ರೆ ನಾನೂ ಜೊತೆಗೆ ಹೋಗ್ತೀನಿ” ಎಂದಳು. ಯಾವಾಗ ವಾಪಸ್ ಬರುತ್ತೀ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಅಧಿಕಾರಿ ಸಭ್ಯ ಮನುಷ್ಯ. ದುಭಾಷಿಯಾಗಿ ನಮ್ಮ ಭಾಷೆ ಬಲ್ಲ ಒಬ್ಬ ಹೆಂಗಸಿದ್ದರು. ಅಧಿಕಾರಿ ಮಾವನನ್ನು ಕೇಳಿದರು, ಮದುವೆಯಾಗಿ ಎಷ್ಟು ವರ್ಷವಾಯಿತು? ಮಾವ ಅತ್ತೆಯ ಕಡೆ ನೋಡಿದರು. ಅತ್ತೆ ಹೇಳಿದರು. ನಿಮ್ಮ ಆರೋಗ್ಯ ಹೇಗಿದೆಯಮ್ಮ ಎಂದರೆ ಅತ್ತೆ ಬಾಯಿ ತೆರೆಯುವ ಮೊದಲೇ ಮಗ, “ಅಮ್ಮಂಗೆ ಮಂಡಿ ನೋವು ಸಾರ್” ಎಂದ. ನೀನೇನು ಮಾಡುತ್ತೀಯಪ್ಪಾ ಎಂದರೆ ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ಶುರು ಮಾಡಿದರು.

ಅಧಿಕಾರಿ ಪೆನ್ನು ಕೆಳಗಿಟ್ಟರು. ಯಾರೋ ಕಲಿಸಿದ ಪಾಠವನ್ನು ಹಂಚಿಕೊಂಡು ಒಪ್ಪಿಸುತ್ತಿದ್ದಾರೆ ಎಂಬ ಅನುಮಾನ ಅವರಿಗೆ ಬಂದಿತ್ತು. ಬಾರದೆ ಇರುತ್ತದೆಯೇ? ಮೂವರನ್ನೂ ಬೇರೆ ಬೇರೆ ಕೋಣೆಗೆ ಕಳುಹಿಸಿದರು. ನಾನೂ ನನ್ನ ಹೆಂಡತಿಯೂ ಹೊರಗಿನ ಬೆಂಚಿನ ಮೇಲೆ ಕುಳಿತೆವು. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಎದುರಿನ ಲಿಫ್ಟಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ. ಮನುಷ್ಯನಿಗೆ ತಾನು ರಿಪೇರಿ ಮಾಡಬಲ್ಲದ್ದೇ ಕಣ್ಣಿಗೆ ಬೀಳುತ್ತದೆ.

ಒಳಗೆ ನಡೆದದ್ದನ್ನು ದುಭಾಷಿ ಆಮೇಲೆ ಹೇಳಿದರು. ಒಂಟಿಯಾಗಿ ಕೂರಿಸಿದಾಗ ಮಾವ ಯಾವ ಪ್ರಶ್ನೆಗೂ, “ಅದು ಅವಳಿಗೆ ಗೊತ್ತು” ಎಂದರಂತೆ. ಅತ್ತೆ, “ನನ್ನದೇನು ಕೇಳ್ತೀರಿ ಬಿಡಿ” ಎಂದರಂತೆ. ಕೊನೆಗೆ ಬೇಸತ್ತ ಅಧಿಕಾರಿ ಒಬ್ಬರ ಬಗ್ಗೆ ಇನ್ನೊಬ್ಬರನ್ನು ಕೇಳಿದರು. ಅಲ್ಲಿಂದ ನಿಲ್ಲಿಸುವುದೇ ಕಷ್ಟವಾಯಿತಂತೆ. ಮಾವನ ಬಗ್ಗೆ ಅತ್ತೆ ಹೇಳಿದ್ದು: “ಅವರಿಗೆ ಎಡಗಣ್ಣು ಮಂಜು. ಯಾರಿಗೂ ಹೇಳಲ್ಲ. ದಾರ ಪೋಣಿಸುವಾಗ ಮುಖ ವಾರೆ ಮಾಡ್ತಾರೆ, ನಂಗೆ ಕಾಣಲ್ವಾ?” ಪಕ್ಕದ ಕೋಣೆಯಲ್ಲಿ ಮಗನೂ ಅದನ್ನೇ ಹೇಳಿದ್ದ. ಅಪ್ಪನಿಗೆ ತಿಳಿಯಬಾರದು ಎಂದೂ ಸೇರಿಸಿದ್ದ.

ಆಮೇಲೆ ನಮ್ಮೆಲ್ಲರನ್ನೂ ಒಳಗೆ ಕರೆದರು. ಅಧಿಕಾರಿ ನನ್ನನ್ನು ಕೇಳಿದರು, “ಇವರನ್ನು ನೀವು ನೋಡಿಕೊಳ್ಳುತ್ತೀರಾ?”

ಹೌದು ಎನ್ನುವುದಷ್ಟೇ ನನ್ನ ಪಾತ್ರ. ದುಭಾಷಿ ಪ್ರಶ್ನೆಯನ್ನು ಅತ್ತೆಗೂ ತಿಳಿಸಿದರು. ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಸರಿದರು.

“ಅವರು ನಮ್ಮನ್ನ ನೋಡ್ಕೊಳ್ಳೋದಾ? ಚೆನ್ನಾಗಿದೆ! ಅಳಿಯಂದಿರನ್ನ ನೋಡ್ಕೊಳ್ಳೋಕೇ ಅಲ್ವೇನಮ್ಮ ನಾವು ಬಂದಿರೋದು?”

ದುಭಾಷಿ ನನ್ನ ಮುಖ ನೋಡಿದರು. ಇದನ್ನು ಹೇಳಲೇ ಎಂಬಂತೆ. ಅವರು ಹೇಳಿಬಿಟ್ಟರು. ಅಧಿಕಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಇವರಿಗೇನಾಗಿದೆ ಎಂದು ಕೇಳಿದರು.

“ಹಸಿವಾದ್ರೆ ಹೇಳಲ್ಲ.” ಅತ್ತೆ.

“ಅಕ್ಕ ಬೈದ್ರೆ ತಿರುಗಿ ಬೈಯೋಕೂ ಬರಲ್ಲ ಭಾವಂಗೆ.” ಭಾವಮೈದುನ.

“ಅಂಗಿ ನೋಡಿ ಸಾರ್. ತೋಳು ಎಷ್ಟುದ್ದ! ಯಾರದೋ ಅಳತೆ.” ಮಾವ.

ನನ್ನ ಹೆಂಡತಿ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಅವಳಮ್ಮನನ್ನು ಕೇಳಬೇಕಿತ್ತು. ಅಧಿಕಾರಿ ಫೈಲು ಮುಚ್ಚಿ, ಇನ್ನು ಪ್ರಶ್ನೆಗಳಿಲ್ಲ, ಇವರು ಒಂದೇ ಮನೆಯವರು ಎಂದರು. ಮೂವರೆನ್ನಲಿಲ್ಲ. ಮೇಜಿನ ಈಚೆ ಇದ್ದ ನಮ್ಮೆಲ್ಲರ ಕಡೆಗೂ ಕೈ ತೋರಿಸಿ ಹೇಳಿದರು.

ಹೊರಗೆ ಬಂದಾಗ ಓಣಿಯಂಥ ಆ ಕಾರಿಡಾರಿನ ನಟ್ಟನಡುವೆ ಮಾವ ನನ್ನನ್ನು ನಿಲ್ಲಿಸಿದರು. ತಮ್ಮ ಕಾಲರಿನ ಅಡಿಯಿಂದ ಗುಂಡುಪಿನ್ನು ತೆಗೆದು ತುಟಿಯಲ್ಲಿ ಕಚ್ಚಿಕೊಂಡರು. “ಕೈ ಚಾಚಿ” ಎಂದರು. ಫೈಲು ಹಿಡಿದವರು, ಸರದಿಗೆ ಓಡುವವರು ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಮಾವ ತೋಳಿನ ತುದಿ ಮಡಿಚಿ, ಮುಖ ವಾರೆ ಮಾಡಿ, ಪಿನ್ನು ಚುಚ್ಚಿದರು. ಅತ್ತೆಯ ಕಡೆ ತಿರುಗದೆಯೇ ಅಳತೆ ಕೂಗಿದರು. ಅತ್ತೆ ‘ಹೂಂ’ ಎಂದರು. ಅಲ್ಲಿಗೆ ನನ್ನ ಅಳತೆ ಒಬ್ಬರ ನೆನಪಿಗೆ ಸೇರಿತು.

ನಲವತ್ತು ಸಮೀಪಿಸಿದ್ದ ಗಂಡಸು ನಾನು. ಕೇಳದೆಯೇ ಇನ್ನೊಂದು ಕೈಯನ್ನೂ ಚಾಚಿದೆ.

ಸಂಘಕ್ಕೆ, ಅಧ್ಯಕ್ಷರಿಗೆ, ತಾಳ್ಮೆಯಿಂದ ಕೇಳಿದ ನಿಮಗೆ, ನನ್ನನ್ನು ಇಂಥ ಮನೆಗೆ ಕರೆತಂದ ನನ್ನ ಹೆಂಡತಿಗೆ ಋಣಿಯಾಗಿದ್ದೇನೆ. ನಮಸ್ಕಾರ.