ಹೂದಾನಿಯಲ್ಲಿ ಮರಳು

ಬೆಳಗಿನ ಪ್ರಾರ್ಥನೆ ಮುಗಿಸಿ, ಇಕಿತೋಸ್ ಊರಿನ ಆಸ್ಪತ್ರೆಯೆದುರು ಬಾಳೆಹಣ್ಣಿನ ಪಾನಕಕ್ಕೆ ಸಾಲಿನಲ್ಲಿ ನಿಂತಿದ್ದೆ. ಮುಂದೆ ಇಬ್ಬರಿದ್ದರು: ಊರಿನ ಸೊಳ್ಳೆಗಳನ್ನೆಲ್ಲ ಕಂಪ್ಯೂಟರಿನೊಳಗೆ ಹಾರಿಸಿ ಡೆಂಗಿ ಎಲ್ಲಿ ಏಳುವುದೆಂದು ಲೆಕ್ಕ ಹಾಕುವ ಒಫೇಲಿಯಾ, ಮತ್ತು ಸೊಳ್ಳೆಶಾಸ್ತ್ರದ ಮುದಿ ಮೇಷ್ಟ್ರು ನೆರಿಯೊ.

“ಮಕ್ಕಳ ವಾರ್ಡು ನೋಡ್ಕೊಂಡು ಬಂದ್ರಾ, ಮೇಷ್ಟ್ರೇ?”

“ಬಂದೆ. ನರ್ಸಮ್ಮ ಖಾಲಿ ಮಂಚದ ಮೇಲೆ ಕೂತು ಸ್ವೆಟರ್ ಹೆಣೀತಿದ್ಲು.”

“ಡೆಂಗಿ ಒಂದೂ ಇಲ್ವಾ?”

“ಒಂದೂ ಇಲ್ಲ. ಹೋದ ವರ್ಷ ಇದೇ ಹೊತ್ತಿಗೆ ಒಂದೊಂದು ಮಂಚಕ್ಕೆ ಇಬ್ಬಿಬ್ರು ಮಕ್ಕಳು.”

“ಪ್ರತಿ ನವೆಂಬರೂ ನನ್ನ ಲೆಕ್ಕ ತಪ್ತಿತ್ತಲ್ಲ, ಯಾಕೆ ಹೇಳಿ.”

“ಮತ್ತೆ ನನ್ನ ಬಾಯಲ್ಲೇ ಹೇಳಿಸ್ಬೇಕಾ?”

“ಹೇಳ್ಲೇಬೇಕು.”

“ಸತ್ತವರ ಹಬ್ಬಕ್ಕೆ ಊರೆಲ್ಲ ಗೋರಿ ಮೇಲೆ ಹೂವಿಡತ್ತೆ. ಹೂದಾನಿ ನೀರಲ್ಲಿ ಸೊಳ್ಳೆ ಮರಿ ಮಾಡತ್ತೆ. ಸ್ಮಶಾನಾನ ನಾವು ಲೆಕ್ಕಕ್ಕೇ ಸೇರಿಸಿರ್ಲಿಲ್ಲ.”

“ನಿಮ್ಮ ಹೆಂಡ್ತಿ ಗೋರಿಗೆ ನೀರು ತುಂಬ್ತಿದ್ದವ್ರು ಯಾರು?”

“ನಾನೇ ಕಣಮ್ಮ. ಕೂದಲು ನರೆಯೋವರೆಗೂ ಸೊಳ್ಳೆ ಓದಿದೋನು.”

“ಈ ಸಲ?”

“ನಿನ್ನ ಹೊಸ ಲೆಕ್ಕ ಹೇಳಿದ ಹಾಗೆ, ನೀರಿನ ಬದಲು ಒದ್ದೆ ಮರಳು. ನಾನೂ ತುಂಬ್ದೆ, ಊರೂ ತುಂಬ್ತು.”

“ನಿಮ್ಮ ಹೆಂಡ್ತಿ ಬೈಲಿಲ್ವಾ?”

“ಇಲ್ಲ. ಹೂ ವಾರಗಟ್ಟಲೆ ನೆಟ್ಟಗೆ ನಿಂತಿತ್ತು.”

“ಹಾಗಾದ್ರೆ ಇವತ್ತಿನ ಪಾನಕದ ದುಡ್ಡು ನಿಮ್ದು.”

“ನಂದೇ. ನರ್ಸಮ್ಮನಿಗೂ ಒಂದು ತಗೋ. ಪಾಪ, ಕೆಲಸವಿಲ್ಲದೆ ಬೇಜಾರಾಗಿದ್ದಾಳೆ.”

ಮೂರು ಲೋಟ ಹಿಡಿದು ಇಬ್ಬರೂ ನಗುತ್ತ ಮಕ್ಕಳ ವಾರ್ಡಿನ ಕಡೆಗೇ ನಡೆದರು.