ಆ ಮಂಗಳವಾರದ ಫೋನು

...ಅಲ್ಲಿ ಬೇಡ, ಈ ಕಡೆ ಕೂತ್ಕೋ. ಅಲ್ಲೆಲ್ಲ ಪರದೆ ಬಟ್ಟೆ ಕತ್ತರಿಸಿದ ಧೂಳು, ನೂಲಿನ ಚೂರು. ಕುತ್ತಿಗೆಯ ತೂತಿನೊಳಗೆ ಧೂಳು ಹೋಗಬಾರದು ಅಂತ ಡಾಕ್ಟರು ಹೇಳಿದಾರಲ್ಲ. ಅದರ ಮೇಲೆ ಕಟ್ಟಿದೀಯಲ್ಲ, ಆ ಬಟ್ಟೆ ನೀನೇ ಹೊಲಿದ್ಯಾ? ಹೊಲಿಗೆ ಸೊಟ್ಟಗಿದೆ. ನಗ್ತೀಯ ಯಾಕೆ, ಇದ್ದದ್ದು ಹೇಳಿದೆ. ನಕ್ಕರೂ ಸದ್ದಿಲ್ಲ ನೋಡು ಈಗ... ಇಲ್ಲ, ಬೇಜಾರು ಮಾಡ್ಕೋಬೇಡ. ನನಗಿನ್ನೂ ರೂಢಿಯಾಗಿಲ್ಲ. ಅಮ್ಮ ನಿನ್ನನ್ನ ಮಾತಿನಮಲ್ಲಿ ಅಂತಲೇ ಕರೀತಿದ್ದಳು. ಗಂಟಲು ಆಪರೇಷನ್ ಆಗಿ ಏಳು ತಿಂಗಳಾಯ್ತು, ಈಗಲೂ ನೀನು ಬಾಗಿಲಿಗೆ ಬಂದರೆ ಮೊದಲು ದನಿ ಬರುತ್ತೆ, ಆಮೇಲೆ ನೀನು ಬರ್ತೀಯ ಅಂತ ಕಾಯ್ತೀನಿ.

ಚೀಟಿ ಓದಿದೆ ಕಣೆ, ಮತ್ತೆ ಯಾಕೆ ತೋರಿಸ್ತೀಯ. "ನನ್ನ ದನಿ ನಿನ್ನ ಫೋನಿನಲ್ಲಿದೆಯಂತೆ, ಕೇಳಿಸು." ನಿಮ್ಮೋರು ಹೇಳಿದ್ರಾ? ಹೂಂ... ನಾನೇ ಅವರ ಹತ್ತಿರ ಬಾಯಿ ತಪ್ಪಿ ಆಡಿಬಿಟ್ಟೆ. ಅಷ್ಟಕ್ಕೇ ಎರಡು ಬಸ್ಸು ಬದಲಾಯಿಸಿ ಬಂದ್ಯಾ.

ಇದೆ. ಇಲ್ಲ ಅಂತೇನಲ್ಲ. ನೀರು ಕುಡಿ ಮೊದಲು.

ಇದೇ ಫೋನು. ಕೈಲಿ ಹಿಡಿದು ಮನೆಯೆಲ್ಲ ಓಡಾಡಬಹುದು, ವೈರಿಲ್ಲ. ಈ ಡಬ್ಬಿಯ ಮೇಲೆ ನಿಲ್ಲಿಸಿದ್ರೆ ಚಾರ್ಜು ಆಗುತ್ತೆ. ನಾನು ಮಿಷನ್ ತುಳೀತಾ ಇದ್ರೆ ಎತ್ತಲ್ಲ. ಡಬ್ಬಿಯೇ ಎತ್ಕೊಂಡು "ಹೇಳಿ" ಅನ್ನುತ್ತೆ, ಗಿರಾಕಿ ಕಿಟಕಿ ಅಳತೆ ಹೇಳಿ ಇಡ್ತಾರೆ, ಅದು ಒಳಗೆ ರೆಕಾರ್ಡು ಮಾಡ್ಕೊಳ್ಳುತ್ತೆ. ಅವರು ಹೇಳ್ತಿರೋದು ನನಗೆ ಇಲ್ಲಿ ಕೂತೇ ಕೇಳಿಸುತ್ತೆ. ಮೊನ್ನೆ ಒಬ್ಬಾತ ಆರಡಿ ಅಂದ, ಹಿಂದಿನಿಂದ ಹೆಂಡತಿ ಏಳಡಿ ಅಂದಳು, ಅಲ್ಲೇ ಜಗಳ ಹತ್ತಿತು. ನಾನು ಬಟ್ಟೆ ಹಿಡ್ಕೊಂಡು ಕೂತು ಕೇಳಿದೆ. ಎಷ್ಟೋ ದಿನ ಈ ಮನೇಲಿ ಬೇರೆ ಮನುಷ್ಯರ ದನಿ ಅಂದ್ರೆ ಅಷ್ಟೇ, ಕಿಟಕಿ ಅಗಲ, ಕಿಟಕಿ ಎತ್ತರ.

ಹಾಕ್ತೀನಿ ಇರು, ಅವಸರ ಮಾಡಬೇಡ. ಒಳಗೆ ಜಾಗ ಕಮ್ಮಿ. ತುಂಬಿತು, ಅಳಿಸು ಅಂತ ಆಗಾಗ ಹೇಳುತ್ತೆ. ಎಲ್ಲರದ್ದೂ ಅಳಿಸಿದೀನಿ, ನಿನ್ನದೊಂದು ಬಿಟ್ಟು.

ಆ ಮಂಗಳವಾರ ಮಧ್ಯಾಹ್ನ ನಾನು ಮನೇಲಿರಲಿಲ್ಲ, ಗೊತ್ತಲ್ಲ. ಹೇಳಿದ್ದೆ ನಿನಗೆ ಆಸ್ಪತ್ರೇಲಿ. ವಕೀಲರ ಮನೆಗೆ ಪರದೆ ತಗುಲಿಸೋಕೆ ಹೋಗಿದ್ದೆ. ಅಲ್ಲಿಂದ ಇನ್ನೊಂದು ಕಡೆ. ಇದನ್ನ ಕೇಳೋಷ್ಟರಲ್ಲಿ ಗುರುವಾರ... ಅಷ್ಟು ಹೊತ್ತಿಗೆ ನಿನ್ನ ದನಿ ತೆಗೆದಾಗಿತ್ತು. ಇಲ್ಲದಿದ್ರೆ ಮಾತಾಡದೇ ಇರ್ತಿದ್ನಾ. ಮೂರು ವರ್ಷ ಮಾತು ಬಿಟ್ಟಿದ್ದು ನಿಜ. ಅಮ್ಮ ತೀರಿಕೊಂಡ ದಿನ, ನಾಲ್ಕು ಜನರ ಮುಂದೆ, "ನಿನ್ನ ಹತ್ತಿರ ಒಂದು ವಾರ ಬಿಟ್ಟಿದ್ದಕ್ಕೆ ಕೊಂದೇಬಿಟ್ಟೆಯಲ್ಲೇ" ಅಂದೆ ನಾನು. ಆಡಿದ ಮಾತು, ಒಡೆದ ಮುತ್ತು. ಆದ್ರೂ ಅಂಥ ದಿನ ಫೋನ್ ಬಂದ್ರೆ ಮಾತಾಡದೇ ಇರ್ತಿದ್ನಾ, ಹೇಳು.

ಸರಿ, ಸರಿ. ಹಾಕಿದೆ. ಕೇಳು.

...ಹೂಂ, ನೀನೇ. ನನಗೆ ಬಾಯಿಪಾಠ. "ಅಕ್ಕಾ, ನಾನು. ನಾಳೆ ಬೆಳಿಗ್ಗೆ ಆಪರೇಷನ್. ಆಮೇಲೆ ದನಿ ಇರಲ್ಲವಂತೆ. ಯಾರ್ಯಾರ ಜೊತೆ ಮಾತಾಡೋದು ಅಂತ ಪಟ್ಟಿ ಮಾಡ್ಕೊಂಡೆ, ಮೊದಲು ನಿನ್ನ ಹೆಸರು ಬರೆದೆ. ಇದ್ರೆ ಎತ್ತು. ಅಮ್ಮನ ವಿಷಯ ನಿನಗೊಂದು ಹೇಳ್ಬೇ..."

ಅಷ್ಟೇ.

ಅಳು, ಅತ್ತುಬಿಡು. ಎಷ್ಟು ಚೆನ್ನಾಗಿತ್ತು ದನಿ... ಮತ್ತೆ ಹಾಕ್ಲಾ?

ಏನು? ಡಬ್ಬಿಗೆ ಯಾಕೆ ಬೆರಳು ತೋರಿಸ್ತೀಯ? ಮುಂದಿನದಾ? ಮುಂದೆ ಏನೂ ಇಲ್ಲ ಕಣೆ. ಜಾಗ ತುಂಬಿ ನಿಂತುಹೋಗಿರಬೇಕು. ಇಲ್ಲಾ ಕರೆಂಟು ಹೋಗಿರಬೇಕು... ನಾನು ವಕೀಲರ ಮನೇಲಿದ್ದೆನಲ್ಲ, ನನಗೇನು ಗೊತ್ತು?

ಹಾಗೆ ನೋಡಬೇಡ. ಬರಿ. ಏನಿದ್ರೂ ಬರಿ, ಪುಸ್ತಕ ತೊಡೆಮೇಲೇ ಇದೆ. ಪೆನ್ನು ಯಾಕೆ ಕೆಳಗಿಟ್ಟೆ?

...

ಇನ್ನೊಂದು ಕಡೆ ಫೋನು ಹಿಡಿದಿದ್ದವಳು ನೀನೇ ಅಲ್ವಾ. ನಿನಗೆ ಗೊತ್ತಿಲ್ಲದೆ ಇರುತ್ತಾ. ಏಳು ತಿಂಗಳಿಂದ, ನಾನು ಮನೇಲಿರಲಿಲ್ಲ ಅಂದಾಗೆಲ್ಲ ತಲೆಯಾಡಿಸ್ತಾ ಬಂದೆ. ಒಂದು ಸಲವಾದ್ರೂ ಪುಸ್ತಕದಲ್ಲಿ "ಸುಳ್ಳಿ" ಅಂತ ಬರೀಬಾರದಿತ್ತಾ.

ಇಲ್ಲೇ ಇದ್ದೆ. ಇದೇ ಮೇಜಿನ ಮುಂದೆ. ಕತ್ತರಿ ಕೈಲಿತ್ತು. ನಿನ್ನ ದನಿ ಡಬ್ಬಿಯಿಂದ ಬಂತು, ಮೊದಲು ನನ್ನ ಹೆಸರು ಬರೆದೆ ಅಂದೆಯಲ್ಲ, ಆಗ ಕೈ ತಾನಾಗೇ ಹೋಯ್ತು. ಎತ್ತಿದೆ. ಎತ್ತಿದ ತಕ್ಷಣ ರೆಕಾರ್ಡು ನಿಂತುಹೋಗುತ್ತೆ. ಬಾಯಿ ಮಾತ್ರ... ಬಾಯಿ ಬರಲಿಲ್ಲ.

ನೀನು ಹೇಳ್ತಾ ಹೋದೆ. ಆಸ್ಪತ್ರೆ ಬೇಡ ಅಂದದ್ದು ಅಮ್ಮನೇ. "ಒಂದು ತಿಂಗಳಿಂದ ಎದೆ ನೋಯ್ತಿದೆ, ಅಕ್ಕನಿಗೆ ಹೇಳಬೇಡ, ಹೋಟೆಲಿನವರ ಅರವತ್ತು ಪರದೆ ಅವಳ ಕೈಲಿದೆ" ಅಂದಿದ್ದಳು. ಒಂದು ತಿಂಗಳು. ಅಮ್ಮ ನನ್ನ ಮನೇಲಿದ್ದ ತಿಂಗಳು. ನನ್ನ ಕಣ್ಣೆದುರಿಗೇ ಎದೆ ಹಿಡ್ಕೊಂಡು ಓಡಾಡಿದಾಳೆ, ನಾನು ಅಂಚು ಮಡಿಸ್ತಾ ಕೂತಿದ್ದೆ. ಅದನ್ನ ನೀನು ಮೂರು ವರ್ಷ ಹೊಟ್ಟೇಲಿಟ್ಕೊಂಡು, ನನ್ನ ಬೈಗುಳ ತಿಂದೆ. ಅದು ತಿಳಿದ ಮೇಲೆ ನಾನು ಯಾವ ಬಾಯಲ್ಲಿ ಹಲೋ ಅನ್ನಲಿ.

ಹತ್ತು ನಿಮಿಷ ಮಾತಾಡಿದೆ ನೀನು. ನಾನು ಎತ್ತದೇ ಇದ್ದಿದ್ರೆ ಅಷ್ಟೂ ಇದರೊಳಗೆ ಇರ್ತಿತ್ತು. ಎತ್ತಿ ಕೆಡಿಸಿದೆ. ಅದು ಈಗ ಎಲ್ಲೂ ಇಲ್ಲ, ನನ್ನ ಕಿವೀಲಿ ಬಿಟ್ಟು.

ಬರೀಬೇಡ ಬಿಡು. ಕೈ ಕೊಡು ಇಲ್ಲಿ. ನಾನೇ ಹೇಳ್ತೀನಿ, ನೀನು ಏನೇನಂದೆ ಅಂತ, ಒಂದಕ್ಷರ ಬಿಡದೆ. ಮೊದಲು ಸ್ವಲ್ಪ ಕೆಮ್ಮಿದೆ. ಆಮೇಲೆ ಮೆತ್ತಗೆ, "ಅಕ್ಕಾ, ಎತ್ತಿದ್ಯಾ?" ಅಂದೆ.

ಹೂಂ ಕಣೆ. ಎತ್ತಿದೆ.