ಒಳಗೆ ಕೂತವಳು

ಕರೆಂಟ್ ಬರೋ ಹಂಗೆ ಕಾಣಲ್ಲ. ಹತ್ತಿರ ಬನ್ನಿ, ಜೋರಾಗಿ ಹೇಳೋ ಮಾತಲ್ಲ ಇದು... ಎಲ್ಲೋ ಕೇಳಿದ್ದನ್ನ ಹೇಳ್ತಿಲ್ಲ ನಾನು. ನಮ್ಮ ಚಿಕ್ಕಪ್ಪನ ಮಗ ಅನಿಲ್‌ಕುಮಾರನಿಗೆ ಆಗಿದ್ದು. ಅರ್ಧ ಅವನ ಬಾಯಿಂದ ಕೇಳಿದೆ. ಇನ್ನರ್ಧ ಅವನ ಪಕ್ಕ ನಿಂತು ನಾನೇ ನೋಡಿದೆ.

ಅನಿಲ ಮಾದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಲ್ಲಿ ರೈಟರ್ ಆಗಿದ್ದ. ಆಳುಗಳ ಹಾಜರಿ, ಕೆಲಸ, ಅವರು ಇರೋ ಲೈನ್‌ಮನೆ, ಎಲ್ಲ ಅವನದೇ ಉಸ್ತುವಾರಿ. ಡಿಸೆಂಬರ್ ತಿಂಗಳು, ಹಣ್ಣು ಕೀಳೋ ಪಿಕ್ಕಿಂಗ್ ಶುರುವಾಗಿತ್ತು. ಅವತ್ತು ಬೈಕ್ ಕೆಟ್ಟಿತ್ತು. ಏಳೂವರೆ ಮೇಲೆ ನಡ್ಕೊಂಡೇ ಮನೆಗೆ ಹೊರಟ. ಲೈನ್‌ಮನೆ ದಾಟಿದ ಮೇಲೆ ಒಂದು ಹಳೇ ಬಾವಿ ಇದೆ. ಮೋಟರ್ ಬಂದ ಮೇಲೆ ಯಾರೂ ಅದರಲ್ಲಿ ಸೇದಲ್ಲ. ಮಂಜು ಇಳಿದಿತ್ತು. ಸಿಲ್ವರ್ ಮರದಿಂದ ಹನಿ ಬೀಳ್ತಿತ್ತು. ತಟ್... ತಟ್...

ಬಾವಿ ಹತ್ತಿರ ಬಂದಾಗ ಕೆಮ್ಮು ಕೇಳಿಸ್ತು. ಖುಳ್... ಖುಳ್‌ಖುಳ್. ಕೊನೇಲಿ ಸುಯ್ ಅಂತ ಉಸಿರೆಳೆದ ಸದ್ದು.

ಅನಿಲ ನಿಂತ. ಆ ಕೆಮ್ಮು ಅವನಿಗೆ ಗೊತ್ತಿತ್ತು.

"ಯಾರದು?"

"ನಾನೇ, ರೈಟ್ರೇ."

"ಎಲ್ಲಿದ್ದೀಯ?"

"ಒಳಗೆ."

ಮೊಬೈಲ್ ಬೆಳಕು ಬಾವಿಗೆ ಬಿಟ್ಟ. ನೀರು ಕಪ್ಪಗೆ, ಒಂಚೂರೂ ಅಲ್ಲಾಡದೆ ನಿಂತಿತ್ತು. ಯಾರೂ ಇಲ್ಲ.

"ಬಾವಿ ಒಳಗಲ್ಲ..."

ಈ ಸಲ ದನಿ ಬಂದಿದ್ದು ಅವನ ಅಂಗಿ ಒಳಗಿನಿಂದ. ಎದೆಯ ಬಲಗಡೆ, ಕುತ್ತಿಗೆಗಿಂತ ನಾಲ್ಕು ಬೆರಳು ಕೆಳಗೆ. ಆಮೇಲೆ ಅಲ್ಲೇ, ಬೆರಳಿನ ಗೆಣ್ಣಲ್ಲಿ ಬಾಗಿಲು ಬಡಿದ ಹಾಗೆ... ಟಕ್. ಟಕ್‌ಟಕ್.

ಓಡಿದ. ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ಯಾಕಂದ್ರೆ ಅದು ಮುತ್ತಿ ದನಿ. ಮುತ್ತಿ ಸತ್ತು ಹತ್ತು ತಿಂಗಳಾಗಿತ್ತು.

ಅವಳ ವಿಷಯ ಹೇಳ್ಬೇಕು ನಿಮಗೆ.

ಮುತ್ತಿ, ಅವಳ ಅಕ್ಕ ಸಣ್ಣಿ, ಇಬ್ಬರೂ ಹುದಿಕೇರಿ ಕಡೆಯಿಂದ ಪಿಕ್ಕಿಂಗಿಗೆ ಬಂದವರು. ಮುತ್ತಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ಬಂದಾಗಿಂದ ಕೆಮ್ಮು, ಸಂಜೆಯಾದ್ರೆ ಜ್ವರ. ಅದೇ ವರ್ಷದ ಜನವರೀಲಿ ಒಂದು ದಿನ ವಿನುತಾ ಅನ್ನೋ ಸಿಸ್ಟರ್ ಲೈನಿಗೆ ಬಂದು ಎಲ್ಲರ ಕಫ ಪರೀಕ್ಷೆ ಮಾಡ್ತಾರೆ ಅಂತ ಗೊತ್ತಾಯ್ತು. ಅನಿಲನಿಗೆ ಭಯ. ಒಬ್ಬಳಿಗೆ ಟಿಬಿ ಅಂತ ಬಂದ್ರೆ ಸಾಕು, ಲೈನಲ್ಲಿರೋರೆಲ್ಲ ಗಂಟುಮೂಟೆ ಕಟ್ತಾರೆ. ಹಣ್ಣೆಲ್ಲ ಗಿಡದ ಬುಡಕ್ಕೆ ಉದುರುತ್ತೆ. ಓನರ್ ಬೈಯೋದು ಇವನಿಗೆ.

ಬೆಳಿಗ್ಗೆನೇ ಮುತ್ತೀನ ಕರೆದ. "ನೀನು ಹಳೇ ಸ್ಟೋರಲ್ಲಿ ಕೂತಿರು. ಅವರು ಹೋದ ಮೇಲೆ ಕರೀತೀನಿ."

"ನಂಗೂ ಟೆಸ್ಟ್ ಮಾಡಿಸ್ಬೇಕು ರೈಟ್ರೇ. ಮಲಗಿದ್ರೆ ಉಸಿರು ಸಿಗಲ್ಲ."

"ನಾನೇ ಕರ್ಕೊಂಡು ಹೋಗ್ತೀನಿ ಕಣೇ. ಇವತ್ತೊಂದಿನ ಕೂರು."

ನಂಬಿದಳು. ಒಳಗೆ ಹೋದಳು. ಇವನು ಹೊರಗಿಂದ ಚಿಲಕ ಹಾಕಿದ.

ಆ ಸ್ಟೋರು ನಾನು ನೋಡಿದೀನಿ. ಕಿಟಕಿ ಇಲ್ಲ. ಎರಡು ಮಳೆಗಾಲ ನೆಂದ ಗೋಣಿಚೀಲ, ಕಾಫಿ ಹೊಟ್ಟು, ಎಲ್ಲದರ ಮೇಲೂ ಬೆರಳು ದಪ್ಪ ಹಸಿರು ಬೂಷ್ಟು. ಒಂದು ಚೀಲ ಎಳೆದ್ರೆ ಹೊಗೆ ಥರ ಏಳುತ್ತೆ.

ವಿನುತಾ ಸಿಸ್ಟರ್ ಕೇಳಿದ್ರು, "ಎಲ್ಲರೂ ಬಂದ್ರಾ ರೈಟ್ರೇ?"

"ಎಲ್ಲರೂ ಬಂದ್ರು ಸಿಸ್ಟರ್."

ಅದೇ ಹೊತ್ತಿಗೆ ಸ್ಟೋರ್ ಕಡೆಯಿಂದ... ಟಕ್. ಟಕ್‌ಟಕ್. ಸಿಸ್ಟರ್ ಕತ್ತೆತ್ತಿದ್ರು. ಅನಿಲ ಏನು ಮಾಡಿದ ಗೊತ್ತಾ? ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಚಾಲೂ ಮಾಡಿಸಿದ. ಆ ಮಿಷನ್ ಗಡಗಡದಲ್ಲಿ ಏನೂ ಕೇಳಲಿಲ್ಲ.

ಅವರು ಹೋದ್ರು. ಇವನು ಯಾವುದೋ ಸಾಮಾನು ತರೋಕೆ ಸೋಮವಾರಪೇಟೆಗೆ ಹೋದ. ಮರೆತ. ಅಷ್ಟೇ... ಮರೆತ. ಮಾರನೇ ಬೆಳಿಗ್ಗೆ ಸಣ್ಣಿ ಹುಡುಕಿ ಹುಡುಕಿ ಬಂದು ಚಿಲಕ ತೆಗೆದಳು. ಮುತ್ತಿ ಕೈ ಗೆಣ್ಣೆಲ್ಲ ಸುಲಿದಿತ್ತು.

ಆಮೇಲಾದ್ರೂ ಆಸ್ಪತ್ರೆಗೆ ಕರ್ಕೊಂಡು ಹೋದ್ನಾ? ಇಲ್ಲ. "ಪಿಕ್ಕಿಂಗ್ ಮುಗೀಲಿ" ಅಂದ. ಆರು ತಿಂಗಳು ಮಾತ್ರೆ ನುಂಗಿದ್ರೆ ವಾಸಿಯಾಗೋ ಕಾಯಿಲೆ ಅದು. ಮೂರು ವಾರಕ್ಕೆ ರಕ್ತ ಕಾರಿದಳು. ಜೀಪಿಗೆ ಹತ್ತಿಸುವಾಗ ಅನಿಲನ ಅಂಗಿ ಹಿಡಿದು, ಅವನ ಮುಖದ ಮೇಲೇ ಕೆಮ್ಮಿ, ಮೆಲ್ಲಗೆ ಹೇಳಿದಳಂತೆ, "ಒಳಗೆ ಕೂರ್ಸಿ ಚಿಲಕ ಹಾಕಿದ್ರಲ್ಲ... ಇನ್ನು ನಾನು ಒಳಗೇ ಕೂತ್ಕೋತೀನಿ, ರೈಟ್ರೇ."

ಮಡಿಕೇರಿ ಮುಟ್ಟಲಿಲ್ಲ. ದಾರೀಲೇ ಹೋದಳು.

ಬಾವಿ ಹತ್ತಿರ ಓಡಿಬಂದ ವಾರಕ್ಕೇ ಅನಿಲನಿಗೆ ಕೆಮ್ಮು ಶುರುವಾಯ್ತು. ಅವನ ಹೆಂಡತಿ ಶರ್ಮಿಳಾ ಎಳ್ಕೊಂಡು ಹೋಗಿ ತೋರಿಸಿದಳು. ಟಿಬಿ. ಡಾಕ್ಟರು ಬಿಡಿಸಿ ಹೇಳಿದ್ರು. ಈ ಕ್ರಿಮಿ ಎಷ್ಟೋ ಜನರ ಮೈಯಲ್ಲಿರುತ್ತಂತೆ. ನಮ್ಮ ರಕ್ತದಲ್ಲಿ ಕಾವಲು ಕಾಯೋ ಕಣಗಳಿದಾವೆ, ಅವಕ್ಕೆ ಕೊಲ್ಲೋಕಾಗದಿದ್ರೆ ಕ್ರಿಮಿ ಸುತ್ತ ಒತ್ತೊತ್ತಾಗಿ ನಿಂತು ಗೋಡೆ ಕಟ್ಟಿಬಿಡ್ತವಂತೆ. ಒಳಗೆ ಅದು ಸುಮ್ಮನೆ ಬಿದ್ದಿರುತ್ತೆ. ಕಾವಲು ಸಡಿಲವಾದ ದಿನ ಏಳುತ್ತೆ. ಅನಿಲನಿಗೆ ಸಕ್ಕರೆ ಕಾಯಿಲೆ ಏರಿತ್ತು. ಸಾಲದ್ದಕ್ಕೆ ಮಂಡಿ ನೋವಿಗೆ ಅಂಗಡಿಯಿಂದ ಸ್ಟೀರಾಯ್ಡ್ ಮಾತ್ರೆ ತಂದು ನುಂಗ್ತಿದ್ದ. ಕಾವಲು ಮಲಗಿತ್ತು.

ಇವನು ಆರು ತಿಂಗಳು ಒಂದು ದಿನ ಬಿಡದೆ ಮಾತ್ರೆ ನುಂಗಿದ. ಕಫದಲ್ಲಿ ಕ್ರಿಮಿ ಇಲ್ಲ ಅಂತ ಬಂತು. ಎದೆಯೊಳಗಿನ ಆ ಸದ್ದೂ ನಿಂತಿತ್ತು. ಶರ್ಮಿಳಾ ಪಾಯಸ ಮಾಡಿ ನಮ್ಮನ್ನೆಲ್ಲ ಕರೆದಿದ್ದಳು. ಊಟಕ್ಕೆ ಕೂತಾಗ ಅನಿಲ ನಗ್ತಾನೇ ಇದ್ದ.

ಇನ್ನೊಂದು ವರ್ಷ ಕಳೆದು ಮಳೆ ಹಿಡಿದಾಗ ಮತ್ತೆ ರಕ್ತ ಬಂತು.

ಮೈಸೂರಿಗೆ ನಾನೇ ಜೊತೆಗೆ ಹೋದೆ. ಅಂಗಾತ ಮಲಗಿಸಿ ಒಂದು ಸ್ಕ್ಯಾನ್ ಮಾಡಿದ್ರು. ಬೋರಲು ಮಲಗಿಸಿ ಇನ್ನೊಂದು. ಡಾಕ್ಟರು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ್ರು. ಟಿಬಿ ವಾಸಿಯಾದ ಜಾಗದಲ್ಲಿ ಒಂದು ಖಾಲಿ ಗೂಡು ಉಳಿದಿತ್ತು, ನಿಂಬೆಹಣ್ಣಿನಷ್ಟು. ಅದರೊಳಗೆ ಒಂದು ಉಂಡೆ. ಇವನು ಮಗ್ಗುಲಾದ ಹಾಗೆ ಅದೂ ಹೊರಳಿತ್ತು.

"ಬೂಷ್ಟು," ಅಂದ್ರು ಡಾಕ್ಟರು. "ಅದರ ಪುಡಿ ನಾವೆಲ್ಲ ದಿನಾ ಉಸಿರಾಡ್ತೀವಿ. ಮೈ ಕಾವಲು ತಿಂದು ಹಾಕುತ್ತೆ. ಆದ್ರೆ ಈ ಗೂಡಿನೊಳಗೆ ರಕ್ತ ಹೋಗಲ್ಲ. ಕಾವಲೂ ಹೋಗಲ್ಲ, ಔಷಧೀನೂ ನೆಟ್ಟಗೆ ಮುಟ್ಟಲ್ಲ. ಕೊಯ್ದು ತೆಗೀಬೇಕು."

ಅವತ್ತು ಆಸ್ಪತ್ರೆ ಮಂಚದ ಮೇಲೆ ಅನಿಲ ನನಗೆಲ್ಲ ಹೇಳಿದ್ದು. ಸ್ಟೋರು, ಚಿಲಕ, ಪಲ್ಪರ್, ಬಾವಿ... ನನ್ನ ಕೈ ಹಿಡಿದು, "ನಾನು ಹೊರಳಿದ್ರೆ ಅವಳೂ ಹೊರಳ್ತಾಳೆ ಅಕ್ಕ" ಅಂದ. ಸುಳ್ಳು ಹೇಳಲ್ಲ, ನನಗೆ ಕನಿಕರ ಬರಲಿಲ್ಲ. ಕೈ ಬಿಡಿಸ್ಕೊಂಡೆ.

ಆಪರೇಷನ್‌ಗೆ ಮುಂಚೆ ಸಣ್ಣೀನ ನೋಡ್ಬೇಕು ಅಂತ ಹಟ ಹಿಡಿದ. ಕರ್ಕೊಂಡು ಹೋದೆ. ಲೈನ್‌ಮನೆ ಮುಂದೆ ಅವಳು ಸೌದೆ ಜೋಡಿಸ್ತಿದ್ದಳು. ಇವನು ಕೈ ಮುಗಿದ.

"ತಪ್ಪಾಯ್ತು ಸಣ್ಣಿ. ಕ್ಷಮಿಸ್ಬಿಡು."

ಅವಳು ಸೌದೆ ಇಟ್ಟು ಎದ್ದಳು. "ಅವಳು ಎಷ್ಟು ಸಲ ಬಾಗಿಲು ಬಡಿದ್ಲು?"

ಅನಿಲ ತಲೆ ತಗ್ಗಿಸಿದ.

"ಹೇಳಿ ರೈಟ್ರೇ. ಮಿಷನ್ ಹಾಕೋ ಮುಂಚೆ ಎಷ್ಟು ಸಲ?"

ಆಗ ಕೇಳಿಸ್ತು. ಮೂರು ಜನಕ್ಕೂ ಕೇಳಿಸ್ತು. ಟಕ್... ಟಕ್‌ಟಕ್. ಬಾಯಿ ಮುಚ್ಚಿ ನಿಂತವನ ಎದೆಯಿಂದ.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಸಣ್ಣಿ ಮಾತ್ರ ಹೆದರಲಿಲ್ಲ. ಹತ್ತಿರ ಬಂದು ಅವನ ಬಲ ಎದೆಗೆ ಕಿವಿ ಇಟ್ಟಳು. ಕಣ್ಣು ಮುಚ್ಚಿದಳು. ಅವಳ ಮುಖದಲ್ಲಿ ಅಂಥ ಸಂತೋಷ... ಮೆಲ್ಲಗೆ, ತಮ್ಮ ಮನೆಮಾತಲ್ಲಿ ಏನೋ ಹೇಳಿದಳು. ಮಗೂನ ಮಲಗಿಸೋ ದನೀಲಿ.

"ಏನಂದೆ?" ಅಂದೆ ನಾನು.

"ಗಟ್ಟಿಯಾಗಿ ಕೂತಿರು ಅಂದೆ," ಅಂದಳು. ಮತ್ತೆ ಸೌದೆಗೆ ಬಗ್ಗಿದಳು.

ಜುಲೈನಲ್ಲಿ ಆಪರೇಷನ್ ಆಯ್ತು. ಗೂಡು ಸಮೇತ ಕೊಯ್ದು ತೆಗೆದ್ರು. ಚೆನ್ನಾಗೇ ಆಯ್ತು ಅಂದ್ರು. ಎರಡು ದಿನ ಗಂಜಿ ಕುಡಿದ, ಮಾತಾಡಿದ. ಮೂರನೇ ದಿನ ಮಧ್ಯಾಹ್ನ ನಾನೂ ಶರ್ಮಿಳಾನೂ ಪಕ್ಕದಲ್ಲೇ ಇದ್ದೀವಿ, ಇದ್ದಕ್ಕಿದ್ದ ಹಾಗೆ ಎದ್ದು ಕೂತ. ಮಂಚದ ಕಬ್ಬಿಣದ ಮೇಲೆ ಗೆಣ್ಣಿಂದ ಬಡಿಯೋಕೆ ಶುರು ಮಾಡಿದ.

"ಬಾಗಿಲು ತೆಗೀರಿ."

"ತೆಗ್ದೇ ಇದೆ ಅಲ್ವೇನ್ರೀ," ಅಂದಳು ಶರ್ಮಿಳಾ.

"ಬಾಗಿಲು ತೆಗೀರಿ... ಅಕ್ಕ, ಕತ್ತಲೆ... ಬಾಗಿಲು ತೆಗೀರಿ..."

ಬಡೀತಾನೇ ಇದ್ದ. ನರ್ಸುಗಳು ಬಂದು ಹಿಡಿದ್ರೂ ನಿಲ್ಲಲಿಲ್ಲ. ಬಾಯಿಂದ ರಕ್ತ ಬಂತು. ಆಮೇಲೆ ಕೈ ನಿಂತಿತು.

ಹೆಣ ತಗೊಂಡು ಹೋಗೋ ಮುಂಚೆ ಡಾಕ್ಟರು ನಮ್ಮಿಬ್ಬರನ್ನ ಲ್ಯಾಬಿಗೆ ಕರೆದ್ರು. ಕೊಯ್ದು ತೆಗೆದ ಆ ಬೂಷ್ಟಿನ ಉಂಡೇನ ಪರೀಕ್ಷೆಗೆ ಅಂತ ಆಗ ತಾನೇ ಎರಡು ಹೋಳು ಮಾಡಿದ್ರಂತೆ. ಸ್ಟೀಲ್ ತಟ್ಟೇಲಿ ಇಟ್ಟಿದ್ರು. "ಇದು ಸ್ಕ್ಯಾನಲ್ಲಿ ಇರಲಿಲ್ಲ," ಅಂದ್ರು. ನೀವು ಕಾಫಿ ಸೀಮೆಯೋರಲ್ವಾ, ಏನಿದು ಹೇಳಿ, ಅಂತ ಕೇಳಿದ್ರು.

ಕಂದು ಉಂಡೆಯ ನಡುಮಧ್ಯೆ ಒಂದು ಕಾಫಿ ಹಣ್ಣಿತ್ತು. ಕೆಂಪಗೆ, ತೊಟ್ಟು ಹಸಿರು, ಈಗ ತಾನೇ ಕಿತ್ತ ಹಾಗೆ. ಜುಲೈ ತಿಂಗಳು ರೀ... ಇಡೀ ಕೊಡಗಲ್ಲಿ ಒಂದು ಗಿಡದಲ್ಲೂ ಹಣ್ಣಿರಲ್ಲ.

ನಂಬದಿದ್ರೆ ಶರ್ಮಿಳಾನ ಕೇಳಿ, ಪೊನ್ನಂಪೇಟೆಯಲ್ಲಿ ತವರುಮನೇಲಿದಾಳೆ. ನಾನು ಬೆರಳಲ್ಲಿ ಮುಟ್ಟಿ ನೋಡಿದೀನಿ. ಅದರ ಮೇಲೆ ಇಬ್ಬನಿ ಇತ್ತು.